ಮಾಲಿಪಾಟೀಲ, ಪೊಲೀಸ್ ಪಾಟೀಲ



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ವಿಷಯ ಹೇಳುತ್ತಾನೆಂದು ನೀವು ಅಂದುಕೊಂಡಿರಬಹುದು. ನಾನು ಆರಿಸಿಕೊಂಡದ್ದು ನಿಜಾಮರ ಕಾಲದ ಕಚೇರಿಗಳ ವಿಷಯ. ನಮ್ಮ ಭಾಗದಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರುಗಳಿವೆ. ಇಲ್ಲಿ ಮಾಲಿ ಅಂದರೆ ಹೂದೋಟದವನಲ್ಲ, ‘ಮಾಲ್’ ಅಂದರೆ ಕಂದಾಯ. ಒಬ್ಬರದು ಕಂದಾಯ ವಸೂಲಿ, ಇನ್ನೊಬ್ಬರದು ಊರಿನ ಬಂದೋಬಸ್ತು. ಒಂದೇ ಪಾಟೀಲಕಿ ಹೀಗೆ ಎರಡಾಗಲು ಹೈದರಾಬಾದಿನಲ್ಲಿ ದೊಡ್ಡ ಬದಲಾವಣೆಯೇ ಆಗಬೇಕಾಯಿತು.

1853ರಲ್ಲಿ ಮೀರ್ ತುರಾಬ್ ಅಲಿ ಖಾನ್ ಅಂದರೆ ಮೊದಲನೆಯ ಸಾಲಾರ್ ಜಂಗ್ ದಿವಾನರಾದಾಗ ಅವರಿಗೆ ಇನ್ನೂ ಇಪ್ಪತ್ತನಾಲ್ಕರ ಆಸುಪಾಸು. ಖಜಾನೆ ಖಾಲಿ. ಅದೇ ವರ್ಷ ಬೇರಾರ್ ಪ್ರಾಂತವನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಬೇಕಾಗಿ ಬಂದಿತ್ತು. ಎಷ್ಟೋ ತಾಲ್ಲೂಕುಗಳು ಸಾಲ ಕೊಟ್ಟವರ ಕೈಯಲ್ಲಿದ್ದವು. ಆಗ ತಾಲ್ಲೂಕುದಾರ ಅಂದರೆ ಹೆಚ್ಚಾಗಿ ಗುತ್ತಿಗೆದಾರ. ಸರಕಾರಕ್ಕೆ ಇಷ್ಟು ಕೊಡುತ್ತೇನೆಂದು ಒಪ್ಪಿಕೊಂಡು, ರೈತರಿಂದ ಸಿಕ್ಕಷ್ಟು ಎತ್ತಿಕೊಳ್ಳುವವನು. ಹೆಚ್ಚು ವಸೂಲಾಯಿತೆಂದು ದೂರು ಹೇಳಬೇಕಾದರೂ ರೈತ ಅವನ ಬಾಗಿಲಿಗೇ ಹೋಗಬೇಕು.

ಸಾಲಾರ್ ಜಂಗ್ ಗುತ್ತಿಗೆ ಪದ್ಧತಿ ತೆಗೆದು ಸಂಬಳದ ಅಧಿಕಾರಿಗಳನ್ನು ಇಟ್ಟರು. 1865ರಲ್ಲಿ ಜಿಲ್ಲಾಬಂದಿ ಬಂತು. ರಾಜ್ಯ ಜಿಲ್ಲೆಗಳಾಗಿ, ಜಿಲ್ಲೆ ತಾಲ್ಲೂಕುಗಳಾಗಿ ಹಂಚಿಹೋಯಿತು. 1868ರಲ್ಲಿ ದಿವಾನರ ಕೆಳಗೆ ನಾಲ್ವರು ಸದ್ರುಲ್ ಮಹಾಮರು ನೇಮಕವಾದರು. ಈಗಿನ ಮಾತಿನಲ್ಲಿ ಖಾತೆ ಮಂತ್ರಿಗಳು. ನ್ಯಾಯ, ಕಂದಾಯ, ಪೊಲೀಸ್ ಒಂದೊಂದು ಖಾತೆ. ನಾಲ್ಕನೆಯದು ‘ಮುತಫರ್ರಿಖಾತ್’, ಅಂದರೆ ಇತರೆ. ರಸ್ತೆ, ದವಾಖಾನೆ, ಜೊತೆಗೆ ಶಿಕ್ಷಣ ಕೂಡ ಅದರಲ್ಲೇ. ನಮ್ಮ ಗುರುಗಳು ಬೇಸರಪಡಬಾರದು, ಆಗ ಶಾಲೆಗೆ ಸಿಕ್ಕ ಜಾಗ ಅಷ್ಟೇ!

ನಮ್ಮ ಕೆಲಸದಲ್ಲಿ ಬಿಲ್ ಹಾಕುವವನಿಗೂ ಅದನ್ನು ಮಂಜೂರು ಮಾಡುವವನಿಗೂ ಒಂದೇ ಪಾಸ್‌ವರ್ಡ್ ಕೊಡುವುದಿಲ್ಲ. ಸಾಲಾರ್ ಜಂಗ್ ಹಿಡಿದದ್ದೂ ಇದೇ ದಾರಿ. ಆದರೆ ಅದು ಪೂರ್ತಿಯಾಗಲು ಬಹಳ ವರ್ಷ ಹಿಡಿಯಿತು. ಜಿಲ್ಲೆಯ ತಾಲ್ಲೂಕುದಾರರ ಕೈಯಲ್ಲಿ ಕಂದಾಯದ ಜೊತೆಗೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಉಳಿದೇ ಇತ್ತು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1919ರಲ್ಲಿ ಕಾರ್ಯಕಾರಿ ಮಂಡಳಿ ರಚಿಸಿದರು. 1921ರಲ್ಲಿ ಅವರ ಫರ್ಮಾನಿನಂತೆ ನ್ಯಾಯಾಂಗ ಕಾರ್ಯಾಂಗದಿಂದ ಬೇರೆಯಾಯಿತು. ಬ್ರಿಟಿಷ್ ಪ್ರಾಂತಗಳಲ್ಲಿ ಕಾಂಗ್ರೆಸ್ಸಿನವರು ವರ್ಷಗಟ್ಟಲೆ ಕೇಳುತ್ತಿದ್ದ ವಿಷಯವಿದು. ಮುಂದೆ ನಮ್ಮ ಸಂವಿಧಾನದ 50ನೆಯ ವಿಧಿಯಲ್ಲೂ ಬಂತು. ನಿಜಾಮರ ಆಡಳಿತವನ್ನು ಹೊಗಳಲು ನಾನು ನಿಂತಿಲ್ಲ, ಅದರ ಕೊನೆಯ ದಿನಗಳನ್ನು ಕಂಡ ಹಿರಿಯರು ಇಲ್ಲೇ ಕುಳಿತಿರಬಹುದು. ಆದರೆ ಸರಿಯಾದದ್ದನ್ನು ಸರಿ ಎನ್ನಬೇಕು.

ಇಷ್ಟೆಲ್ಲ ಆದರೂ ಇವೆಲ್ಲ ನೇರವಾಗಿ ಮುಟ್ಟಿದ್ದು ದಿವಾನಿ ಹಳ್ಳಿಗಳನ್ನು. ನಮ್ಮ ಸುತ್ತಮುತ್ತ ಚಿಟಗುಪ್ಪಾ ಪಾಯಗಾದವರದು, ಕಲ್ಯಾಣದಲ್ಲಿ ನವಾಬರ ಜಾಗೀರು. ಅಲ್ಲಿ ವಸೂಲಿ ಅವರದೇ, ಅಮಲ್ದಾರರೂ ಅವರವರೇ. ಹೈದರಾಬಾದಿನಲ್ಲಿ ಎಷ್ಟು ಖಾತೆ ಬೇರೆಯಾದರೂ ಜಾಗೀರಿನ ರೈತ ನಿಲ್ಲುತ್ತಿದ್ದದ್ದು ಜಾಗೀರುದಾರರ ಕಚೇರಿಯ ಮುಂದೆ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ, 1949ರಲ್ಲಿ ಜಾಗೀರು ರದ್ದಾದ ಮೇಲೆ ಇಲ್ಲಿಯೂ ಸರಕಾರಿ ತಹಸೀಲು ಬಂತು. ಅಲ್ಲಿಂದ ಏಳು ವರ್ಷಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು.

ಇದೆಲ್ಲದರ ಗುರುತು ನಿಮ್ಮ ಮನೆಯ ಟ್ರಂಕುಗಳಲ್ಲಿ ಇರಬಹುದು. ಮುತ್ತಜ್ಜನ ಕಾಲದ ಪಾವತಿ, ಪಹಣಿ, ಪೈಸಲಾದ ತಕರಾರಿನ ಕಾಗದ, ಎಲ್ಲ ಉರ್ದುವಿನಲ್ಲಿ. ನಮ್ಮ ವಯಸ್ಸಿನವರಿಗೆ ಓದಲು ಬರುವುದಿಲ್ಲ. ಹೊಲದ ಹಿಸ್ಸೆಯ ಜಗಳ ಬಂದಾಗ ಆ ಲಿಪಿ ಓದುವವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ, ಅಂಥ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಮೂಲ ಕಾಗದ ನಿಮ್ಮ ಹತ್ತಿರವೇ ಇರಲಿ. ಒಂದು ಜೆರಾಕ್ಸ್ ನಮ್ಮ ಶಾಲೆಗೆ ಕೊಡಿ. ಅವನ್ನು ಸ್ಕ್ಯಾನ್ ಮಾಡಿ ಜೋಡಿಸಿಡುವ ಕೆಲಸ ನನ್ನದು. ಓದಿ ಕನ್ನಡದಲ್ಲಿ ಹೇಳುವ ಹಿರಿಯರು ಮುಂದೆ ಬಂದರೆ ಬರೆದುಕೊಳ್ಳಲು ಹತ್ತನೆಯ ತರಗತಿಯ ಮಕ್ಕಳಿದ್ದಾರೆ.