25,000 ರೂಪಾಯಿಯಲ್ಲಿ ಕಾರಿನ ಮೊದಲ ಆಡಿಯೊ ಅಪ್‌ಗ್ರೇಡ್: ಯಾವುದು ಮೊದಲು, ಯಾವುದು ಆಮೇಲೆ?

ಪುಣೆ, ಹೈದರಾಬಾದ್, ಚೆನ್ನೈ, ಮುಂಬೈ, ದೆಹಲಿ, ನೀವು ಎಲ್ಲೇ ಇರಿ, ಮನಸ್ಸು ಬಿಚ್ಚಿ ಹಾಡು ಕೇಳೋಕೆ ನಮ್ಮಂಥವರಿಗೆ ಉಳಿದಿರೋ ಜಾಗ ಅಂದ್ರೆ ಕಾರು ಒಂದೇ. ಬಾಡಿಗೆ ಫ್ಲಾಟ್‌ನಲ್ಲಿ ವಾಲ್ಯೂಮ್ ಸ್ವಲ್ಪ ಏರಿಸಿದ್ರೆ ಸೊಸೈಟಿ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಮೆಸೇಜ್ ಬರುತ್ತೆ. ಕಾರಲ್ಲಿ ಆ ಕಾಟ ಇಲ್ಲ. ಹಿಂಜೇವಾಡಿ ಟ್ರಾಫಿಕ್‌ನಲ್ಲೋ, ಗಚ್ಚಿಬೌಲಿಯಲ್ಲೋ, ಓಎಂಆರ್‌ನಲ್ಲೋ ದಿನಕ್ಕೆ ಒಂದೆರಡು ಗಂಟೆ ಅದರಲ್ಲೇ ಕಳೀತೀವಿ. ಹಬ್ಬಕ್ಕೆ ಊರಿಗೆ ಹೊರಟ್ರೆ ಇಡೀ ದಿನ.

ಹಾಗಾಗಿ ಕಾರ್ ತಗೊಂಡು ಒಂದು ವರ್ಷ ಆದ್ಮೇಲೆ ಬಹಳ ಜನರ ತಲೆಗೆ ಬರೋ ಯೋಚನೆ ಇದು: ಸೌಂಡ್ ಸಿಸ್ಟಮ್ ಸ್ವಲ್ಪ ಚೆನ್ನಾಗಿ ಮಾಡಿಸೋಣ. ಕೈಯಲ್ಲಿ ಇಪ್ಪತ್ತು, ಇಪ್ಪತ್ತೈದು ಸಾವಿರ ಇದೆ. ಅಂಗಡಿಗೆ ಹೋಗ್ತೀವಿ. ಅಂಗಡಿಯವನು ಮೊದಲು ತೋರಿಸೋದು ಏನು? ಡಿಕ್ಕಿಯಲ್ಲಿ ಇಡೋ ದೊಡ್ಡ ಬೇಸ್ ಟ್ಯೂಬ್, ಅದರ ಮೇಲೆ ದಪ್ಪ ಅಕ್ಷರದಲ್ಲಿ "1200 ವ್ಯಾಟ್". ಹಾಕಿಸ್ಕೊಂಡು ಬರ್ತೀವಿ. ಎರಡು ವಾರ ಖುಷಿ. ಆಮೇಲೆ ಗೊತ್ತಾಗುತ್ತೆ, ಹಿಂದೆ ಗುಡುಗುಡು ಅನ್ನುತ್ತೆ, ಮುಂದೆ ಹಾಡೋರ ದನಿ ಮೊದಲು ಹೇಗಿತ್ತೋ ಹಾಗೇ ಇದೆ.

ಇವತ್ತು ನಾನು ಹೇಳಬೇಕು ಅಂದ್ಕೊಂಡಿರೋದು ಒಂದೇ ಮಾತು. ಕಡಿಮೆ ಬಜೆಟ್‌ನಲ್ಲಿ ಬ್ರ್ಯಾಂಡ್‌ಗಿಂತ ಕ್ರಮ ಮುಖ್ಯ. ಯಾವುದನ್ನ ಮೊದಲು ಮಾಡ್ತೀರಿ, ಯಾವುದನ್ನ ಮುಂದಿನ ಬೋನಸ್‌ವರೆಗೆ ಬಿಡ್ತೀರಿ ಅನ್ನೋದರ ಮೇಲೆ ನಿಮ್ಮ ದುಡ್ಡಿಗೆ ಬೆಲೆ ಬರುತ್ತೆ.

ದುಡ್ಡು ಖರ್ಚು ಮಾಡೋ ಮುಂಚೆ ಒಂದು ಭಾನುವಾರ ಬೆಳಗ್ಗೆ ಪಾರ್ಕಿಂಗ್‌ನಲ್ಲಿ ಕಾರಲ್ಲೇ ಕೂತು ಕೇಳಿ. ಈಕ್ವಲೈಸರ್ ಪೂರ್ತಿ ಫ್ಲ್ಯಾಟ್ ಮಾಡಿ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಡೇಟಾ ಉಳಿಸೋ ಸೆಟ್ಟಿಂಗ್ ತೆಗೆದು ಹೈ ಕ್ವಾಲಿಟಿ ಹಾಕಿ. ಒಂದೇ ಹಾಡನ್ನ ಬ್ಲೂಟೂತ್‌ನಲ್ಲಿ ಒಂದು ಸಲ, ಯುಎಸ್‌ಬಿ ಕೇಬಲ್‌ನಲ್ಲಿ ಒಂದು ಸಲ ಕೇಳಿ. ಫೇಡರ್ ಸ್ವಲ್ಪ ಮುಂದಕ್ಕೆ ತನ್ನಿ. ಇಷ್ಟಕ್ಕೇ ಕೆಲವರಿಗೆ ಅರ್ಧ ಸಮಾಧಾನ ಆಗುತ್ತೆ, ಖರ್ಚು ಸೊನ್ನೆ.

ಇನ್ನೂ ಸಾಲದು ಅನಿಸಿದ್ರೆ, ಏನು ಸಾಲದು ಅಂತ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಪಿ.ಬಿ. ಶ್ರೀನಿವಾಸ್ ದನಿಯೋ ಸಿ. ಅಶ್ವಥ್ ದನಿಯೋ ಹಾಕಿ ನೋಡಿ. ದನಿ ಡ್ಯಾಶ್‌ಬೋರ್ಡ್ ಮಧ್ಯದಿಂದ ಬರ್ತಾ ಇದೆಯಾ, ಇಲ್ಲ ಮೊಣಕಾಲ ಹತ್ರದಿಂದ ಬರ್ತಾ ಇದೆಯಾ? ತಬಲಾ ಪೆಟ್ಟು ಬೇರೆ ಬೇರೆಯಾಗಿ ಕೇಳುತ್ತಾ, ಇಲ್ಲ ಕಲಸಿಹೋಗಿದೆಯಾ? ವಾಲ್ಯೂಮ್ ಏರಿಸಿದ್ರೆ ಬಾಗಿಲು ಗಡಗಡ ಅನ್ನುತ್ತಾ? ಆ ಚೀಟಿಯೇ ನಿಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್. ಅದಿಲ್ಲದೆ ಅಂಗಡಿಗೆ ಹೋದ್ರೆ ಸ್ಕೋಪ್ ಬೆಳೀತಾನೇ ಹೋಗುತ್ತೆ, ಅದು ನಮಗೆ ಆಫೀಸಲ್ಲೇ ಗೊತ್ತಿರೋ ವಿಷಯ.

ಮೊದಲನೇ ಹಂತ, ಮುಂದಿನ ಎರಡು ಬಾಗಿಲು. ಕೇಳೋ ನೀವು ಮುಂದೆ ಕೂತಿರ್ತೀರಿ, ಹಾಗಾಗಿ ದುಡ್ಡೂ ಮೊದಲು ಮುಂದಕ್ಕೇ ಹೋಗಬೇಕು. ಹಿಂದಿನ ಸ್ಪೀಕರ್‌ಗಳನ್ನ ಸದ್ಯಕ್ಕೆ ಮುಟ್ಟೋದೇ ಬೇಡ.

ಸ್ಪೀಕರ್‌ನಲ್ಲಿ ಎರಡು ಬಗೆ. ಕೋಆಕ್ಸಿಯಲ್ ಅಂದ್ರೆ ವೂಫರ್ ಮಧ್ಯದಲ್ಲೇ ಟ್ವೀಟರ್ ಕೂತಿರುತ್ತೆ. ಕಾಂಪೊನೆಂಟ್ ಅಂದ್ರೆ ಟ್ವೀಟರ್ ಬೇರೆ, ವೂಫರ್ ಬೇರೆ, ಯಾರಿಗೆ ಯಾವ ಸ್ವರ ಹೋಗಬೇಕು ಅಂತ ಹಂಚೋಕೆ ನಡುವೆ ಒಂದು ಕ್ರಾಸ್‌ಓವರ್. ತೀಕ್ಷ್ಣವಾದ ಮೇಲಿನ ಸ್ವರಗಳು ನೇರವಾಗಿ ಸಾಗುತ್ತವೆ. ಬಾಗಿಲ ಕೆಳಗಿಂದ ಬಂದ್ರೆ ಕಾಲಿಗೆ, ಸೀಟಿಗೆ ತಾಗಿ ಅಲ್ಲೇ ಸತ್ತುಹೋಗುತ್ತವೆ. ಟ್ವೀಟರ್ ಕನ್ನಡಿ ಮೂಲೆಗೋ ಡ್ಯಾಶ್‌ಬೋರ್ಡ್ ಮೇಲಕ್ಕೋ ಬಂದ್ರೆ ಹಾಡೋರು ಎದುರಿಗೆ ಬಂದ ಹಾಗಾಗುತ್ತೆ. ಹಾಗಾಗಿ ಮುಂದಕ್ಕೆ ಕಾಂಪೊನೆಂಟ್ ತಗೊಳ್ಳಿ. ಕೊಳ್ಳೋ ಮುಂಚೆ ನಿಮ್ಮ ಕಾರಿನ ಬಾಗಿಲಿಗೆ ಯಾವ ಸೈಜ್ ಹಿಡಿಯುತ್ತೆ, ಗಾಜು ಕೆಳಗಿಳಿದಾಗ ಹಿಂದಿನ ಮ್ಯಾಗ್ನೆಟ್‌ಗೆ ತಾಗುತ್ತಾ ಅಂತ ಅಳತೆ ನೋಡಿಸಿ.

ಡಬ್ಬದ ಮೇಲೆ ಎರಡು ಅಂಕಿ ಮಾತ್ರ ನೋಡಿ. ಒಂದು ಆರ್‌ಎಂಎಸ್ ಪವರ್. "ಮ್ಯಾಕ್ಸ್", "ಪೀಕ್", "ಪಿಎಂಪಿಒ" ಅಂತ ಬರೆದಿರೋದೆಲ್ಲ ಕಣ್ಣಿಗೆ ಮಾತ್ರ, ಕಿವಿಗಲ್ಲ. ಎರಡನೇದು ಸೆನ್ಸಿಟಿವಿಟಿ, ಅಂದ್ರೆ ಒಂದೇ ಪವರ್ ಕೊಟ್ಟಾಗ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತೆ ಅನ್ನೋ ಲೆಕ್ಕ, ಡೆಸಿಬಲ್‌ನಲ್ಲಿ. ಇಲ್ಲೊಂದು ಗಮ್ಮತ್ತಿದೆ. ಪವರ್ ಎರಡು ಪಟ್ಟು ಮಾಡಿದ್ರೆ ಹೆಚ್ಚಾಗೋದು ಬರೀ 3 ಡೆಸಿಬಲ್. 88 ಡೆಸಿಬಲ್ ಸ್ಪೀಕರ್ ಬದಲು 91 ಡೆಸಿಬಲ್ ಇರೋದು ತಗೊಂಡ್ರೆ, ಆಂಪ್ಲಿಫೈಯರ್ ಎರಡು ಪಟ್ಟು ಮಾಡಿದಷ್ಟೇ ಲಾಭ. ಎರಡರ ಅಳತೆಯೂ ಒಂದೇ ಕ್ರಮದಲ್ಲಿ, 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ, ಮಾಡಿದ್ದಾ ಅಂತ ಮಾತ್ರ ನೋಡಿಕೊಳ್ಳಿ. ಕಂಪನಿ ಸ್ಟೀರಿಯೊ ಮೇಲೆ "50 ವ್ಯಾಟ್ x 4" ಅಂತ ಇದ್ರೂ ಅದು ನಿರಂತರವಾಗಿ ಕೊಡೋದು ಚಾನೆಲ್‌ಗೆ ಸುಮಾರು 15ರಿಂದ 20 ವ್ಯಾಟ್ ಅಷ್ಟೇ. ಆ ಪುಟ್ಟ ಪವರ್‌ನಲ್ಲೇ ಚೆನ್ನಾಗಿ ನುಡಿಯೋ ಸ್ಪೀಕರ್ ಮೊದಲ ಹಂತಕ್ಕೆ ಬೇಕು.

ಇನ್ನು ಡ್ಯಾಂಪಿಂಗ್. ಇದನ್ನ ಎಲ್ಲರೂ ಬಿಟ್ಟುಬಿಡ್ತಾರೆ, ಯಾಕಂದ್ರೆ ಹಾಕಿಸಿದ್ಮೇಲೆ ಕಣ್ಣಿಗೆ ಕಾಣಲ್ಲ. ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಇರುತ್ತಲ್ವಾ, ಕಾರಲ್ಲಿ ಆ ಪೆಟ್ಟಿಗೆ ನಿಮ್ಮ ಬಾಗಿಲು. ಅದು ತೆಳು ತಗಡು, ಒಳಗಡೆ ದೊಡ್ಡ ದೊಡ್ಡ ತೂತು. ಸ್ಪೀಕರ್ ಹಿಂದಿನ ಸದ್ದು ಆ ತೂತುಗಳಿಂದ ಮುಂದಕ್ಕೆ ಬಂದು ಮುಂದಿನ ಸದ್ದನ್ನ ಅಳಿಸಿಹಾಕುತ್ತೆ, ಮುಖ್ಯವಾಗಿ ಬೇಸ್. ಹೊರಗಿನ ತಗಡಿಗೆ ಒಳಮೈಯಿಂದ ಬ್ಯುಟೈಲ್ ಶೀಟ್ ಅಂಟಿಸಿ, ಒಳಗಿನ ತೂತುಗಳನ್ನ ಮುಚ್ಚಿದ್ರೆ ಅದೇ ಸ್ಪೀಕರ್ ಬೇರೆಯೇ ಅನಿಸುತ್ತೆ. ಎಷ್ಟೋ ಜನ ಸಬ್‌ವೂಫರ್ ಬೇಕು ಅಂದ್ಕೊಂಡಿರ್ತಾರೆ, ಬಾಗಿಲು ಮುಚ್ಚಿಸಿದ್ಮೇಲೆ ಸದ್ಯಕ್ಕೆ ಇಷ್ಟು ಸಾಕು ಅಂತಾರೆ.

ಇಲ್ಲಿ ಎರಡು ಎಚ್ಚರಿಕೆ. ಬಾಗಿಲ ತಳದಲ್ಲಿ ಮಳೆನೀರು ಹೋಗೋಕೆ ಸಣ್ಣ ತೂತುಗಳಿರುತ್ತವೆ, ಅವನ್ನ ಮುಚ್ಚಲೇಬಾರದು. ಮುಂಬೈ ಮಳೆಯಲ್ಲೋ ನಮ್ಮ ಕರಾವಳಿಯಲ್ಲೋ ಓಡಾಡೋ ಕಾರಿಗೆ ಅದನ್ನ ಮುಚ್ಚಿದ್ರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತೆ. ಎರಡನೇದು, ಸ್ಪೀಕರ್ ಕೂರಿಸೋ ರಿಂಗ್ ಹಸಿ ಎಂಡಿಎಫ್‌ದು ಬೇಡ, ನೀರು ಕುಡಿದು ಉಬ್ಬುತ್ತೆ. ಪ್ಲಾಸ್ಟಿಕ್ ರಿಂಗ್ ಕೇಳಿ.

ಕಂಪನಿ ಸ್ಟೀರಿಯೊ ಬದಲಿಸಬೇಕಾ ಅಂತ ಬಹಳ ಜನ ಕೇಳ್ತಾರೆ. ಟಚ್‌ಸ್ಕ್ರೀನ್ ಇದ್ದು, ಸ್ಟೀರಿಂಗ್ ಬಟನ್, ರಿವರ್ಸ್ ಕ್ಯಾಮೆರಾ ಅದಕ್ಕೇ ಸೇರಿಕೊಂಡಿದ್ರೆ ಬದಲಿಸೋದು ಬೇಡ. ಈಗಿನ ಹಲವು ಆಂಪ್ಲಿಫೈಯರ್‌ಗಳಲ್ಲಿ ಹೈ ಲೆವೆಲ್ ಇನ್‌ಪುಟ್ ಇರುತ್ತೆ, ಕಂಪನಿ ಸ್ಟೀರಿಯೊದ ಸ್ಪೀಕರ್ ವೈರನ್ನೇ ಅದಕ್ಕೆ ಕೊಡಬಹುದು. ತೀರಾ ಹಳೇ ಸ್ಟೀರಿಯೊ ಇದ್ದು ಫೋನೇ ಕನೆಕ್ಟ್ ಆಗಲ್ಲ ಅನ್ನೋರಿಗೆ ಮಾತ್ರ ಆ ಖರ್ಚು.

ಎರಡನೇ ಹಂತ, ನಾಲ್ಕು ಚಾನೆಲ್ ಆಂಪ್ಲಿಫೈಯರ್. ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್ ಇರೋದು ಧಾರಾಳ ಸಾಕು. ಇದರಿಂದ ಕಿವಿ ಒಡೆಯೋಷ್ಟು ಜೋರೇನೂ ಆಗಲ್ಲ. ಕಿವಿಗೆ ಎರಡು ಪಟ್ಟು ಜೋರು ಅನಿಸೋಕೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಹೈವೇಯಲ್ಲಿ ಗಾಳಿ, ಟೈರ್ ಸದ್ದು ಇದ್ದಾಗಲೂ ದನಿ ಒಡೆಯದೆ ಉಳಿಯುತ್ತೆ ಅನ್ನೋದೇ ಇದರ ಲಾಭ. ನಾಲ್ಕರಲ್ಲಿ ಎರಡು ಚಾನೆಲ್ ಮುಂದಿನ ಸ್ಪೀಕರ್‌ಗೆ. ಉಳಿದ ಎರಡನ್ನ ಬ್ರಿಡ್ಜ್ ಮಾಡಿ ಮುಂದೆ ಒಂದು ಸಬ್‌ವೂಫರ್ ನಡೆಸಬಹುದು, ಇನ್ನೊಂದು ಆಂಪ್ ಕೊಳ್ಳಬೇಕಾಗಿಲ್ಲ.

ಈಗ ಹೇಳೋದನ್ನ ದಯವಿಟ್ಟು ಗಮನ ಇಟ್ಟು ಕೇಳಿ, ಇದು ಸೌಂಡ್ ವಿಷಯ ಅಲ್ಲ, ಬೆಂಕಿ ವಿಷಯ. ಆಂಪ್‌ಗೆ ಕರೆಂಟ್ ನೇರವಾಗಿ ಬ್ಯಾಟರಿಯಿಂದ ಬರುತ್ತೆ. 200 ವ್ಯಾಟ್‌ನ ಕ್ಲಾಸ್ ಡಿ ಆಂಪ್ ಪೂರ್ತಿ ದುಡಿದಾಗ 18 ಆಂಪಿಯರ್ ಹತ್ತಿರ ಎಳೆಯುತ್ತೆ. ಆ ವೈರ್ ಎಲ್ಲಾದ್ರೂ ಸವೆದು ಬಾಡಿಗೆ ತಾಗಿದ್ರೆ, ಬ್ಯಾಟರಿ ಹತ್ರ ಫ್ಯೂಸ್ ಇಲ್ಲದಿದ್ರೆ, ಬ್ಯಾಟರಿಯಿಂದ ನೂರಾರು ಆಂಪಿಯರ್ ಒಂದೇ ಸಲ ನುಗ್ಗುತ್ತೆ, ವೈರೇ ಹೊತ್ತಿಕೊಳ್ಳುತ್ತೆ. ಈ ಫ್ಯೂಸ್ ಇರೋದು ಆಂಪ್ ಉಳಿಸೋಕಲ್ಲ, ವೈರ್ ಉಳಿಸೋಕೆ. ಅದು ಬ್ಯಾಟರಿಯಿಂದ 18 ಇಂಚಿನ ಒಳಗೇ ಇರಬೇಕು. ಎಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ವೈರ್ ಬರೋ ತೂತಿಗೆ ರಬ್ಬರ್ ಗ್ರೋಮೆಟ್ ಇರಬೇಕು. ವೈರ್ ಶುದ್ಧ ತಾಮ್ರದ್ದು, ಅಂಗಡಿಯಲ್ಲಿ ಓಎಫ್‌ಸಿ ಅಂತಾರೆ. ಅಗ್ಗದ ಕಿಟ್‌ನಲ್ಲಿ ಬರೋದು ಸಿಸಿಎ, ಅಂದ್ರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದೇ ದಪ್ಪಕ್ಕೆ ಅದು ಕಡಿಮೆ ಕರೆಂಟ್ ತಡೆಯುತ್ತೆ, ಬೇಗ ಬಿಸಿಯಾಗುತ್ತೆ. ಬಜೆಟ್‌ನಲ್ಲಿ ಎಲ್ಲಿ ಬೇಕಾದ್ರೂ ಚೌಕಾಸಿ ಮಾಡಿ, ಇಲ್ಲಿ ಮಾತ್ರ ಬೇಡ.

ಸಬ್‌ವೂಫರ್ ಮೂರನೇ ಹಂತ. ಅದಕ್ಕೆ ಬೇರೆ ದುಡ್ಡು, ಬೇರೆ ಸಮಯ. ಆಗಲೂ ಡಿಕ್ಕಿಯ ಬಗ್ಗೆ ಯೋಚನೆ ಮಾಡಿ. ಊರಿಂದ ವಾಪಸ್ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಡಬ್ಬ ಎಲ್ಲಿಡ್ತೀರಿ? ಸಣ್ಣ ಕಾರಿಗೆ ಸೀಟ್ ಕೆಳಗೆ ಕೂರೋ ಸಬ್‌ವೂಫರ್ ಚೆನ್ನಾಗಿ ಹೊಂದುತ್ತೆ.

ಸರಿ, ಈಗ ಲೆಕ್ಕ. 25,000 ರೂಪಾಯಿಯನ್ನ ನಾನು ಹೀಗೆ ಹಂಚ್ತೀನಿ. ಕಾಂಪೊನೆಂಟ್ ಸ್ಪೀಕರ್‌ಗೆ 6,500. ಮುಂದಿನ ಎರಡು ಬಾಗಿಲ ಡ್ಯಾಂಪಿಂಗ್‌ಗೆ 4,000. ರಿಂಗ್, ಕಪ್ಲರ್, ಕೂಲಿ ಸೇರಿ 2,500. ಅಲ್ಲಿಗೆ 13,000, ಮೊದಲ ಹಂತ ಮುಗೀತು. ಎರಡು ತಿಂಗಳು ಕೇಳಿ. ಸಮಾಧಾನ ಆದ್ರೆ ಅಲ್ಲೇ ನಿಲ್ಲಿಸಿ, ಮಿಕ್ಕಿದ್ದು ಉಳಿತಾಯ. ಇಲ್ಲದಿದ್ರೆ ಆಂಪ್‌ಗೆ 9,000, ತಾಮ್ರದ ವೈರಿಂಗ್ ಮತ್ತು ಫ್ಯೂಸ್‌ಗೆ 2,000, ಕೂಲಿಗೆ 1,000. ಊರಿಂದ ಊರಿಗೆ ಬೆಲೆ ಹೆಚ್ಚುಕಡಿಮೆ ಆಗುತ್ತೆ, ಆದ್ರೆ ಈ ಪಾಲು ಮಾತ್ರ ಬದಲಿಸಬೇಡಿ.

ಅಂಗಡಿ ವಿಷಯ. ದೆಹಲಿಯವರು ಕರೋಲ್ ಬಾಗ್‌ಗೆ ಹೋಗ್ತಾರೆ, ಚೆನ್ನೈನವರು ಜಿಪಿ ರೋಡ್‌ಗೆ, ರಜಕ್ಕೆ ಬೆಂಗಳೂರಿಗೆ ಬಂದೋರು ಜೆಸಿ ರೋಡ್‌ಗೆ. ಎಲ್ಲೇ ಹೋಗಿ, ಮೂರು ಪ್ರಶ್ನೆ ಕೇಳಿ. ಕಂಪನಿ ವೈರ್ ಕತ್ತರಿಸ್ತೀರಾ, ಕಪ್ಲರ್ ಹಾಕ್ತೀರಾ? ವೈರ್ ಕತ್ತರಿಸಿದ್ರೆ ವಾರಂಟಿ ತಕರಾರು ಬರಬಹುದು, ಕಪ್ಲರ್ ಆದ್ರೆ ಕಾರ್ ಮಾರುವಾಗ ಹಳೇದನ್ನೇ ವಾಪಸ್ ಹಾಕಬಹುದು. ಫ್ಯೂಸ್ ಎಲ್ಲಿ ಕೂರಿಸ್ತೀರಾ? ಬಾಗಿಲ ನೀರಿನ ತೂತು ಬಿಡ್ತೀರಾ? ಮೂರಕ್ಕೂ ತಡವರಿಸದೆ ಉತ್ತರ ಕೊಡೋನ ಹತ್ರ ನೂರಿನ್ನೂರು ಹೆಚ್ಚಾದ್ರೂ ಮಾಡಿಸಿ. ಬಿಲ್ ತಪ್ಪದೆ ತಗೊಳ್ಳಿ. ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಬೇರೆ ಕಾಲಂ ಇರುತ್ತೆ. ಅಲ್ಲಿ ಬರೆಸದಿದ್ರೆ ಕಳವಾದಾಗ ಈ ಸಾಮಾನಿನ ದುಡ್ಡು ಬರಲ್ಲ.

ಹಾಕಿಸಿದ ದಿನ ಸೆಟ್ಟಿಂಗ್‌ಗೆ ಅರ್ಧ ಗಂಟೆ ಕೊಡಿ. ಆಂಪ್‌ನ ಗೇನ್ ಅನ್ನೋದು ವಾಲ್ಯೂಮ್ ಬಟನ್ ಅಲ್ಲ. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಟ್ಟು, ದನಿ ಒಡೆಯೋವರೆಗೆ ಗೇನ್ ನಿಧಾನಕ್ಕೆ ಏರಿಸಿ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ತನ್ನಿ. ಒಡೆದ ದನಿಯನ್ನೇ ಹಾಕ್ತಾ ಇದ್ರೆ ಟ್ವೀಟರ್ ಸುಟ್ಟುಹೋಗುತ್ತೆ. ಮುಂದೆ ಸಬ್‌ವೂಫರ್ ಬಂದಾಗ 80 ಹರ್ಟ್ಜ್ ಹತ್ರ ಗೆರೆ ಎಳೀರಿ, ಅದಕ್ಕಿಂತ ಕೆಳಗಿನದು ಸಬ್‌ಗೆ, ಮೇಲಿನದು ಬಾಗಿಲಿಗೆ.

ಕೊನೇದಾಗಿ ಕಿವಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 80 ಡೆಸಿಬಲ್‌ಗೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದ್ರೆ ಸಮಯ ಅರ್ಧ ಆಗುತ್ತೆ, ಅಂದ್ರೆ 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ ಮಾತ್ರ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ ಆಫೀಸಿಗೆ ಓಡಾಡೋರಿಗೆ ಆ 10 ಗಂಟೆ ಪ್ರಯಾಣದಲ್ಲೇ ಮುಗಿದುಹೋಗುತ್ತೆ. ಸಿಸ್ಟಮ್ ಚೆನ್ನಾಗಿದೆ ಅನ್ನೋದಕ್ಕೆ ಗುರುತು, ಕಡಿಮೆ ವಾಲ್ಯೂಮ್‌ನಲ್ಲೂ ಹಾಡಿನ ಒಂದೊಂದು ಪದ ಬಿಡಿಸಿ ಕೇಳೋದು, ಹಿಂದಿಂದ ಬರೋ ಆಂಬುಲೆನ್ಸ್ ಸೈರನ್ನೂ ಕೇಳೋದು.

ಆ ಚೀಟಿ ಬರ್ಕೊಳ್ಳಿ, ಮುಂದಿನ ಬಾಗಿಲಿಂದ ಶುರು ಮಾಡಿ.