ಎರಕದ ದೋಷ, ಕಣ್ಣಿಗೆ ಕಾಣದ ದೋಷ
(ವಿದ್ಯಾರ್ಥಿಗಳಿಗೂ ಗ್ರಾಮಸ್ಥರಿಗೂ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕ ದೇಶದಲ್ಲಿ ಬಂದೂಕಿನ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳುವ ಹವ್ಯಾಸ ಬಹುಕಾಲದಿಂದ ಬೆಳೆದುಬಂದಿದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಆದರೂ ಆ ಹವ್ಯಾಸಿಗಳ ಅನುಭವದಲ್ಲಿ ಮಲೆನಾಡು ಕಲಿಯಬೇಕಾದ ಪಾಠವೊಂದಿದೆ. ಏಕೆಂದರೆ ಬೀಸುಬಲೆಯ ಅಂಚಿನ ಭಾರಕ್ಕಾಗಲಿ, ಗುಜರಿ ಮಾರಾಟಕ್ಕಾಗಲಿ, ಸೀಸವನ್ನು ಮನೆಯ ಒಲೆಯಲ್ಲಿ ಕರಗಿಸಿದರೆ ಎದುರಾಗುವ ಅಪಾಯ ಎಲ್ಲೆಡೆಯೂ ಒಂದೇ.

ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಷ್ಟು ಶಾಖವನ್ನು ಕಟ್ಟಿಗೆಯ ಒಲೆಯೂ ಕೊಡಬಲ್ಲದು. ಆದುದರಿಂದಲೇ ಈ ಲೋಹವು ಮನುಷ್ಯನಿಗೆ ಸುಲಭವಾಗಿ ಒಲಿಯಿತು. ಆದರೆ ಎರಕ ಅಷ್ಟು ಸುಲಭವಾಗಿ ಒಲಿಯದು. ಅಚ್ಚು ತಣ್ಣಗಿದ್ದರೆ ಅಥವಾ ಅದರೊಳಗೆ ಎಣ್ಣೆಯ ಪಸೆ ಉಳಿದಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಆಗ ಅಚ್ಚನ್ನು ಶುಚಿಗೊಳಿಸಿ, ಬಿಸಿಮಾಡಿ, ಮೊದಲ ಕೆಲವು ಎರಕಗಳನ್ನು ಮತ್ತೆ ಕರಗಿಸಬೇಕಾಗುತ್ತದೆ. ಅಂಚುಗಳು ತುಂಬದೆ ಮೊಂಡಾದರೆ ಲೋಹಕ್ಕೆ ಶಾಖ ಸಾಲದು, ಗಾಳಿ ಹೊರಹೋಗುವ ಗೀರುಗಳು ಮುಚ್ಚಿವೆ ಅಥವಾ ತವರದ ಪ್ರಮಾಣ ಕಡಿಮೆಯಾಗಿದೆ ಎಂದರ್ಥ. ಸ್ವಲ್ಪ ತವರ ಬೆರೆತರೆ ಸೀಸವು ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಅಚ್ಚು ಅತಿಯಾಗಿ ಕಾದರೆ ಮೇಲ್ಮೈ ಇಬ್ಬನಿ ಹಿಡಿದಂತೆ ಮಂಕಾಗುತ್ತದೆ. ಸೀಸವು ಆರುವಾಗ ಕುಗ್ಗುವುದರಿಂದ, ಅಚ್ಚಿನ ಬಾಯಿಯ ಮೇಲೆ ಹೆಚ್ಚುವರಿ ಲೋಹ ನಿಲ್ಲದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಕಿಟ್ಟ ಸೇರಿದ ಗುಂಡು ತೂಕದಲ್ಲಿ ಹಗುರಾಗುತ್ತದೆ. ಎಲ್ಲಕ್ಕಿಂತ ಭಯಂಕರವಾದುದು ನೀರಿನ ಹನಿ. ಕರಗಿದ ಸೀಸದ ಒಳಕ್ಕೆ ಒಂದು ಹನಿ ಸೇರಿದರೂ ಅದು ಕ್ಷಣದಲ್ಲಿ ಆವಿಯಾಗಿ, ಕಾದ ಲೋಹವನ್ನು ಮುಖದೆತ್ತರಕ್ಕೆ ಸಿಡಿಸುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಹವ್ಯಾಸಿಯು ಇವುಗಳನ್ನು ಒಂದೊಂದಾಗಿ ತಿದ್ದಿಕೊಂಡು, ಕೊನೆಗೆ ಹೊಳೆಯುವ ನಿರ್ದೋಷ ಗುಂಡನ್ನು ಪಡೆಯುತ್ತಾನೆ. ಆದರೆ ನಿಜವಾದ ದೋಷ ಗುಂಡಿನಲ್ಲಿಲ್ಲ. ಅದು ಅವನ ಅಂಗೈಯಲ್ಲಿ, ಅಂಗಿಯಲ್ಲಿ, ನೆಲದಲ್ಲಿ ಉಳಿದಿರುತ್ತದೆ.

ಸೀಸ ಕುದಿಯಲು ಸುಮಾರು 1750 ಡಿಗ್ರಿ ಶಾಖ ಬೇಕು. ಎರಕದ ಪಾತ್ರೆ ಸಾಮಾನ್ಯವಾಗಿ 400 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೊಗೆ ಕಾಣದಿದ್ದಾಗ ಅಪಾಯವೂ ಇಲ್ಲವೆಂಬ ಭಾವನೆ ಹುಟ್ಟುವುದು ಸಹಜ. ಆದರೆ ಕರಗಿದ ಲೋಹದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವು ಬಹುಪಾಲು ಸೀಸದ ಆಕ್ಸೈಡು. ಅದನ್ನು ಸೌಟಿನಿಂದ ತೆಗೆದು ಸುರಿಯುವಾಗ ನಯವಾದ ಧೂಳು ಏಳುತ್ತದೆ. ಆ ಧೂಳು ಕೈಯಿಂದ ಬಾಯಿಗೆ, ಬಟ್ಟೆಯಿಂದ ಹಾಸಿಗೆಗೆ, ನೆಲದಿಂದ ಅಂಬೆಗಾಲಿಡುವ ಮಗುವಿಗೆ ತಲುಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳ ದೇಹವು ನುಂಗಿದ ಸೀಸವನ್ನು ವಯಸ್ಕರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ರಕ್ತದಲ್ಲಿ ಸುರಕ್ಷಿತವೆನ್ನಬಹುದಾದ ಸೀಸದ ಮಟ್ಟವೆಂಬುದೇ ಇಲ್ಲ. ಕಬ್ಬಿಣಾಂಶ ಮತ್ತು ಸುಣ್ಣದಂಶ ಕಡಿಮೆಯಿರುವ ಮಕ್ಕಳಲ್ಲಿ ಹಾನಿ ಮತ್ತಷ್ಟು ಹೆಚ್ಚು. ಮೂಳೆಯಲ್ಲಿ ದಶಕಗಳ ಕಾಲ ಅಡಗಿರುವ ಸೀಸವು ಬಸುರಿನಲ್ಲಿ ಮತ್ತೆ ರಕ್ತಕ್ಕಿಳಿದು ಗರ್ಭಸ್ಥ ಶಿಶುವನ್ನೂ ಮುಟ್ಟುತ್ತದೆ.

ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಾಕರ್ ನಗರದ ಹೊರವಲಯದ ತಿಯಾರೋಯ್ ಸುರ್ ಮೇರ್ ಎಂಬಲ್ಲಿ ಹಳೆಯ ವಾಹನ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುವುದು ಜನರ ಜೀವನೋಪಾಯವಾಗಿತ್ತು. 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ತನಿಖೆಯು ಬೊಟ್ಟುಮಾಡಿದ್ದು ಮನೆಯಂಗಳದ ಮಣ್ಣಿನಲ್ಲಿ ಬೆರೆತ ಸೀಸದತ್ತ. ಅಲ್ಲಿ ಯಾರೂ ವಿಷ ಉಣಿಸಿರಲಿಲ್ಲ. ಅನ್ನ ದುಡಿಯಲು ಹೊರಟಿದ್ದರು, ಅಷ್ಟೇ.

ಅಚ್ಚಿನಿಂದ ಹೊರಬಂದ ಮೇಲೂ ಗುಂಡಿನ ಕಥೆ ಮುಗಿಯದು. ಬೇಟೆಯ ಪ್ರಾಣಿಯ ದೇಹದಲ್ಲಿ ಸೀಸ ಚೂರಾಗಿ ಹರಡುತ್ತದೆ. ಬೇಟೆಗಾರ ಕಾಡಿನಲ್ಲಿ ಬಿಟ್ಟುಹೋದ ಕರುಳನ್ನು ತಿಂದು ಕ್ಯಾಲಿಫೋರ್ನಿಯದ ಕಾಂಡೋರ್ ಹದ್ದುಗಳು ಸತ್ತವು. 1982ರಲ್ಲಿ ಈ ಜಾತಿಯ 22 ಹಕ್ಕಿಗಳಷ್ಟೇ ಜಗತ್ತಿನಲ್ಲಿ ಉಳಿದಿದ್ದವು. ಸೆರೆಯಲ್ಲಿಟ್ಟು ಸಂತಾನ ಬೆಳೆಸಿ, ಮತ್ತೆ ಕಾಡಿಗೆ ಬಿಟ್ಟ ಮೇಲೂ ಅವುಗಳ ಸಾವಿಗೆ ಸೀಸವೇ ಮುಖ್ಯ ಕಾರಣವಾಗಿ ಉಳಿಯಿತು. ಕ್ಯಾಲಿಫೋರ್ನಿಯ ರಾಜ್ಯವು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಗಳನ್ನು ಕೈಬಿಟ್ಟಿತ್ತು.

ಹಾಗಾದರೆ ಮಲೆನಾಡಿನ ಮನೆಗಳು ಮಾಡಬೇಕಾದುದೇನು? ಹಳೆಯ ಬ್ಯಾಟರಿಯನ್ನು ಒಡೆಯಬಾರದು, ಅದರ ಆಮ್ಲವನ್ನು ತೋಟಕ್ಕೆ ಸುರಿಯಬಾರದು, ಮಾರಾಟಗಾರನಿಗೇ ಹಿಂದಿರುಗಿಸಬೇಕು. ಮರುಬಳಕೆಗೆಂದು ಬ್ಯಾಟರಿ ಹಿಂಪಡೆಯುವ ಹೊಣೆಯನ್ನು 2022ರ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಅಡುಗೆಯ ಪಾತ್ರೆಯಲ್ಲಿ, ಅಡುಗೆಯ ಒಲೆಯಲ್ಲಿ ಸೀಸ ಕರಗಿಸಬಾರದು. ಈ ಹಿಂದೆ ಕರಗಿಸಿದ ಜಾಗವನ್ನು ಪೊರಕೆಯಿಂದ ಗುಡಿಸದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಕಿಟ್ಟವನ್ನು ಹಳ್ಳಕ್ಕೆ ಎಸೆಯದೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಸೀಸ ಮುಟ್ಟಿದವರು ಮಗುವನ್ನೆತ್ತುವ ಮುನ್ನ ಸಾಬೂನಿನಿಂದ ಕೈ ತೊಳೆದು ಬಟ್ಟೆ ಬದಲಿಸಬೇಕು. ಅಂಥ ಮನೆಯ ಮಗುವಿಗೆ ಕಾರಣವಿಲ್ಲದ ಹೊಟ್ಟೆನೋವು, ಮಂಕು, ರಕ್ತಹೀನತೆ ಕಂಡರೆ ವೈದ್ಯರಿಗೆ ಸೀಸದ ವಿಷಯ ತಿಳಿಸಿ, ರಕ್ತಪರೀಕ್ಷೆ ಮಾಡಿಸಬೇಕು.

ಸುಕ್ಕುಗಟ್ಟಿದ ಗುಂಡನ್ನು ಮತ್ತೆ ಕರಗಿಸಿ ತಿದ್ದಬಹುದು. ಸೀಸದಿಂದ ಕುಂದಿದ ಮಗುವಿನ ಬುದ್ಧಿಯನ್ನು ಮತ್ತೆ ಎರಕ ಹೊಯ್ಯುವ ಅಚ್ಚು ಎಲ್ಲಿಯೂ ಇಲ್ಲ.