ಬೋರ್ಡು ಬದಲಾದ ದಿನ

ದಿನಾ ದನಿಯಲ್ಲಿ ಸಿಗುವ ನಾನು ಈ ಸಲ ಅಕ್ಷರದಲ್ಲಿ ಸಿಗುತ್ತಿದ್ದೇನೆ. ನಮ್ಮ ಹೈದರಾಬಾದಿನ ಕೇಳುಗರ ಕೂಟದಲ್ಲಿ ಆಡಿದ ಮಾತನ್ನು ಬರೆದುಕೊಡಿ ಎಂದು ಹಲವರು ಕೇಳಿದಿರಿ. ಇಗೋ, ಬರೆದಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಒಂದು ನೀರಾಟದ ಪಾರ್ಕಿಗೆ ಜಾಹೀರಾತು ಓದಿದ್ದೆ. ಹೆಸರು ಬೇಡ ಬಿಡಿ. ಆ ಪಾರ್ಕು ಇನ್ನೊಂದು ಕಂಪನಿಯೊಳಗೆ ಸೇರಿಹೋಯಿತು, ಗೇಟಿನ ಬೋರ್ಡು ಬದಲಾಯಿತು. ನಮ್ಮಲ್ಲಿ ಮಾತ್ರ ಹಳೆಯ ಜಾಹೀರಾತು ಇನ್ನೊಂದು ವಾರ ಓಡಿತು. ಬೀದರಿನಿಂದ ಕುಕಟ್‌ಪಲ್ಲಿಯ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಅದನ್ನು ಕೇಳಿ, ಮಗಳ ಬಳಿಯಿದ್ದ ರಿಯಾಯಿತಿ ಕೂಪನ್ನು ಹಿಡಿದು, ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಹೋದರು. ಗೇಟಿನಲ್ಲಿ "ಇದು ಹಳೆಯ ಕಂಪನಿಯದು, ನಡೆಯುವುದಿಲ್ಲ" ಎಂದರಂತೆ. ಮಕ್ಕಳಿಗಷ್ಟೇ ಪೂರ್ತಿ ದುಡ್ಡು ಕೊಟ್ಟು ಒಳಗೆ ಕಳಿಸಿ, ಅಜ್ಜ ಅಜ್ಜಿ ಸಂಜೆಯವರೆಗೆ ಹೊರಗೆ ಬೇವಿನ ಮರದಡಿ ಕೂತಿದ್ದರು. ಮರುದಿನ ಸ್ಟುಡಿಯೋಗೆ ಫೋನು ಬಂತು. ಬೈಯಲಿಲ್ಲ. "ನಿಮ್ ಮಾತ್ ಕೇಳಿ ಹೋಗಿದ್ವಿ ನೋಡ್ರಿ" ಅಂದರು, ಅಷ್ಟೇ. ನನಗೆ ಉತ್ತರ ಹೊಳೆಯಲಿಲ್ಲ.

ಹೆಸರು ಬದಲಾಗುವುದು ನಮಗೆ ಹೊಸದೇನಲ್ಲ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಮೇಲೆ 'ಹೈದರಾಬಾದ್ ಕರ್ನಾಟಕ' ಎನ್ನಿಸಿಕೊಂಡ ಸೀಮೆ 2019ರಲ್ಲಿ 'ಕಲ್ಯಾಣ ಕರ್ನಾಟಕ'ವಾಯಿತು. ಅದನ್ನು ಸರಕಾರವೇ ಸಾರಿ ಹೇಳಿತು. ಪಾರ್ಕು ಕೈ ಬದಲಾಯಿಸಿದರೆ ನಮ್ಮ ನಿಮ್ಮಂಥವರಿಗೆ ಹೇಳುವವರು ಯಾರು? ಬಹುಮಟ್ಟಿಗೆ ಜಾಹೀರಾತೇ.

ನಮ್ಮೂರಿನ ವಂಡರ್‌ಲಾ ಕಥೆಯನ್ನೇ ನೋಡಿ. ಸ್ಟೆಬಿಲೈಜರ್ ಮಾಡುವ ವಿ-ಗಾರ್ಡ್ ಕಂಪನಿಯ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ಪಾರ್ಕು ತೆರೆದಾಗ ಅದರ ಹೆಸರು ವೀಗಾಲ್ಯಾಂಡ್. 2005ರಲ್ಲಿ ಬೆಂಗಳೂರು-ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ ಎರಡನೆಯದು ಬಂತು, ಅದು ವಂಡರ್‌ಲಾ. ಎರಡೂ ಕಂಪನಿಗಳು 2008ರಲ್ಲಿ ಒಂದಾದವು. ಮುಂದೆ ಕೊಚ್ಚಿಯ ಪಾರ್ಕಿಗೂ ವಂಡರ್‌ಲಾ ಎಂದೇ ಹೆಸರಾಯಿತು. 2014ರಲ್ಲಿ ತಲಾ 125 ರೂಪಾಯಿಗೆ ಶೇರು ಮಾರಿ ಸುಮಾರು 181 ಕೋಟಿ ಎತ್ತಿದರು. ಆ ದುಡ್ಡಿನ ಮುಖ್ಯ ಉದ್ದೇಶವೇ ಹೈದರಾಬಾದ್ ಪಾರ್ಕು. ಹೊರವರ್ತುಲ ರಸ್ತೆಯ ಪಕ್ಕ ರಾವಿರ್ಯಾಲದಲ್ಲಿ ಅದು 2016ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಅಂದರೆ ವಿಲೀನ ಎಂದಕೂಡಲೇ ಕೆಟ್ಟದ್ದು ಎನ್ನಬೇಕಿಲ್ಲ. ಎರಡು ಕೈ ಕೂಡಿದ್ದರಿಂದ ಮೂರನೆಯ ಊರಿಗೆ ಆಟ ಬಂತು.

ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ ಸೀಡರ್ ಫೇರ್ ಎಂಬ ಕಂಪನಿ 2006ರಲ್ಲಿ ಪ್ಯಾರಮೌಂಟ್ ಪಾರ್ಕುಗಳನ್ನು ಕೊಂಡಿತು. ಸಿನಿಮಾ ಕಂಪನಿಯ ನಂಟು ಹೋದಮೇಲೆ ಸಿನಿಮಾ ಹೆಸರುಗಳೂ ಹೋದವು. 'ಟಾಪ್ ಗನ್' ಎಂಬ ಆಟ 'ಫ್ಲೈಟ್ ಡೆಕ್' ಆಯಿತು. ಹಳಿ ಅದೇ, ಚಕ್ರ ಅದೇ, ಕೂಗು ಅದೇ! ಅದೇ ಸೀಡರ್ ಫೇರ್ 2024ರ ಜುಲೈನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಜೊತೆ ವಿಲೀನವಾಯಿತು. ಮರುವರ್ಷವೇ, 2025ರ ನವೆಂಬರ್‌ನಲ್ಲಿ, ಮೇರಿಲ್ಯಾಂಡಿನ 'ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ' ಪಾರ್ಕು ಮುಚ್ಚಿತು. ದೊಡ್ಡ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಪಾರ್ಕೂ ಒಂದೊಂದು ಸಾಲು. ಸುತ್ತಲಿನ ಜನಕ್ಕೆ ಅದು ಬೇಸಿಗೆ ರಜೆ.

ಮೈಕಿನ ಈಚೆ ಕೂತವಳಾಗಿ ನಾನು ಕಂಡದ್ದು ಇಷ್ಟು. ವಿಲೀನಕ್ಕೆ ಮೊದಲು ಜಾಹೀರಾತಿನಲ್ಲಿ ಊರು ಇರುತ್ತದೆ: ಯಾವ ಬಸ್ಸು, ಯಾವ ತಿರುವು, ಎಷ್ಟು ಗಂಟೆ. ಆಮೇಲೆ ಎಲ್ಲ ಊರಿಗೂ ಒಂದೇ ರಾಗ, ಒಂದೇ ಘೋಷಣೆ. ಎಲ್ಲೋ ಬರೆದದ್ದನ್ನು ನಮ್ಮ ಭಾಷೆಗೆ ತಿರುಗಿಸಿ ಕಳಿಸುತ್ತಾರೆ. ಕೇಳಲು ಚೆಂದ, ಆದರೆ ಬೇವಿನ ಮರದಡಿ ಕೂರಬೇಕಾದವರಿಗೆ ಬೇಕಾದ ಮಾತು ಅದರಲ್ಲಿರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಹೊರಡುವ ಮುನ್ನ ಪಾರ್ಕಿಗೇ ಫೋನು ಮಾಡಿ. ಹಳೆಯ ಕೂಪನ್ನು, ವರ್ಷದ ಪಾಸು ನಡೆಯುತ್ತದೆಯೇ ಎಂದು ಕೇಳಿ. ಮಕ್ಕಳ ಎತ್ತರದ ನಿಯಮ, ಹಿರಿಯರ ಟಿಕೇಟಿನ ದರ ಕೇಳಿ. ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ.

ನಾನೂ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪಾರ್ಕಿನ ಜಾಹೀರಾತು ಕೈಗೆ ಬಂದರೆ, ಓದುವ ಮೊದಲು "ಹಳೆಯ ಕೂಪನ್ನು ಇದ್ದವರ ಗತಿ ಏನು?" ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಬೀದರಿನ ಆ ಅಜ್ಜ ಮತ್ತೆ ಫೋನು ಮಾಡಿದರೆ ಹೇಳಲು ನನ್ನ ಬಳಿ ಒಂದು ಉತ್ತರ ಇರಬೇಕಲ್ಲ.

ಮತ್ತೆ ಸಿಗೋಣ, ಈ ಸಲ ದನಿಯಲ್ಲಿ. ಶುಭವಾಗಲಿ.